ಬಿಸಿ ಜಾಬಿನ ಅಳತೆ

"ಸರ್, ಲ್ಯಾಬ್‌ಗೆ ಯಾವ ಸಿಎನ್‌ಸಿ ಮಷೀನು ತಗೊಳ್ಳೋಣ?" ಪೀಣ್ಯದ ನಮ್ಮ ಟೂಲ್ ರೂಮಿಗೆ ಕಾಲೇಜಿನವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಇದೇ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ಲೋಹ ಕತ್ತರಿಸುವ ಮಷೀನು. ನಾನು ತಿರುಗಿ ಕೇಳುತ್ತೇನೆ: ಈಗಿರುವ ಲೇತ್ ಮುಂದೆ ಒಬ್ಬ ವಿದ್ಯಾರ್ಥಿ ವಾರಕ್ಕೆ ಎಷ್ಟು ಗಂಟೆ ನಿಲ್ಲುತ್ತಾನೆ? ಇದಕ್ಕೆ ನೇರ ಉತ್ತರ ಸಿಕ್ಕಿದ್ದು ಕಡಿಮೆ.

ಹೊಸ ಮಷೀನು ಬೇಡ ಅನ್ನುತ್ತಿಲ್ಲ. 2022ರಲ್ಲಿ ನಮ್ಮ ರಾಜ್ಯದ 150 ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಜಾಸ್ತಿ ಖರ್ಚಿನಲ್ಲಿ ಮೇಲಕ್ಕೆತ್ತಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಆದರೆ ಮಷೀನು ಬಂದರೆ ಕಲಿಕೆಯೂ ಬಂತು ಅಂದುಕೊಳ್ಳುತ್ತಾರಲ್ಲ, ಅಲ್ಲೇ ನನ್ನ ತಕರಾರು.

ಕಳೆದ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಬಿಇ ಮುಗಿಸಿದ್ದ, ಪ್ರೋಗ್ರಾಂ ಬರೆಯುವುದರಲ್ಲಿ ಚುರುಕು. ಅಲ್ಯೂಮಿನಿಯಂ ಹೌಸಿಂಗ್ (ಹೊರಕವಚ) ಒಂದಕ್ಕೆ ಬೇರಿಂಗ್ ಕೂರುವ ಬೋರ್, ಅಂದರೆ ದುಂಡನೆಯ ತೂತು, ಮಾಡಬೇಕಿತ್ತು. ಡ್ರಾಯಿಂಗ್‌ನಲ್ಲಿ 80 ಎಚ್7. ಮಷೀನಿನ ಮೇಲೇ ಅಳೆದ, 80.015 ಮಿಲಿಮೀಟರ್ ಬಂತು. ಓಕೆ ಎಂದು ಬರೆದು ಕಳಿಸಿದ. ಮರುದಿನ ಬೆಳಿಗ್ಗೆ ಕ್ವಾಲಿಟಿ ರೂಮಿನಲ್ಲಿ ಅದೇ ಬೋರ್ 79.993. ರಿಜೆಕ್ಟ್.

ಹುಡುಗ ಕಂಗಾಲು. ಪ್ರೋಗ್ರಾಂ ಸರಿ, ಮಷೀನು ಸರಿ, ಓದಿದ ಅಂಕಿಯೂ ಸರಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 80 ಎಚ್7 ಅಂದರೆ ಬರೀ 80 ಅಲ್ಲ. 80.000ದಿಂದ 80.030 ಮಿಲಿಮೀಟರ್ ಒಳಗೆ ಎಲ್ಲಿದ್ದರೂ ಸರಿ. ಅಂದರೆ ನಮಗೆ ಸಿಗುವ ಜಾಗ 30 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್), ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆ ಅಳತೆಯೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದದ್ದು. ಡ್ರಾಯಿಂಗ್‌ನಲ್ಲಿ ಬೇರೆ ಹೇಳದಿದ್ದರೆ ಜಗತ್ತಿನಾದ್ಯಂತ ಇದೇ ನಿಯಮ. ಅಂದು ಜಾಬು, ಅಂದರೆ ಮಷೀನಿಗೆ ಕಟ್ಟಿದ ಆ ಹೌಸಿಂಗ್, 32 ಡಿಗ್ರಿಯಲ್ಲಿತ್ತು. ಬೋರ್ ಅಳೆಯುವ ಗೇಜನ್ನು ತಣ್ಣಗಿನ ಕ್ವಾಲಿಟಿ ರೂಮಿನಲ್ಲಿ ಸೆಟ್ ಮಾಡಿದ್ದರು. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 80 ಮಿಲಿಮೀಟರಿಗೆ, 12 ಡಿಗ್ರಿಗೆ ಲೆಕ್ಕ ಹಾಕಿ: 22 ಮೈಕ್ರಾನ್. ಹುಡುಗ ಕಳೆದುಕೊಂಡದ್ದು ಸರಿಯಾಗಿ ಅಷ್ಟೇ.

ಬೋರ್ ಚಿಕ್ಕದಾಗಿದ್ದರಿಂದ ಜಾಬನ್ನು ಮಷೀನಿಗೆ ಮತ್ತೆ ಕಟ್ಟಿ, ಡಯಲ್ ಗೇಜ್ ಹಿಡಿದು ನಡುಮಧ್ಯಕ್ಕೆ ತಂದು, ಒಂದು ಕಟ್ ಹಾಕಿ ಉಳಿಸಿಕೊಂಡೆವು. ದೊಡ್ಡದಾಗಿದ್ದರೆ ಗುಜರಿಗೆ.

ಉಷ್ಣಕ್ಕೆ ಲೋಹ ಹಿಗ್ಗುತ್ತದೆ ಎಂದು ಅವನು ಪಿಯುಸಿಯಲ್ಲೇ ಓದಿದ್ದ. ಕೈಯಲ್ಲಿ ಹಿಡಿದ ಬಿಸಿ ಜಾಬಿಗೂ ಆ ಪಾಠಕ್ಕೂ ನಂಟಿದೆ ಅಂತ ಯಾರೂ ತೋರಿಸಿರಲಿಲ್ಲ. ಪಾಪ, ಅವನ ತಪ್ಪೇನು?

ಎಲ್ಲ ಕಡೆಯೂ ಹೀಗೇ ಅಂತ ಹೇಳಲಾರೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ನೋಡಿ. ಮೂರು ವರ್ಷದ ಕಲಿಕೆಯ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಲ್ಲಿಂದ ಬಂದ ಮಕ್ಕಳ ಕೈ ಬೇರೆಯೇ.

ಪಠ್ಯಕ್ರಮ ಬದಲಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಮೇಷ್ಟ್ರುಗಳಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಮಕ್ಕಳು ಜಾಬು ಕೆಡಿಸಲಿ. ಕೆಟ್ಟದ್ದನ್ನು ಬಿಸಿಯಿದ್ದಾಗ ಒಮ್ಮೆ, ತಣಿದ ಮೇಲೆ ಒಮ್ಮೆ ಅವರೇ ಅಳೆಯಲಿ. ಇದಕ್ಕೆ ಹೊಸ ಮಷೀನು ಬೇಕಿಲ್ಲ, ಒಂದು ಹಳೇ ಲೇತ್, ಒಂದು ಮೈಕ್ರೋಮೀಟರ್ ಸಾಕು. ಅಲ್ಯೂಮಿನಿಯಂ ತುಂಡುಗಳು ನಮ್ಮಲ್ಲಿ ಮೂಟೆಗಟ್ಟಲೆ ಬಿದ್ದಿವೆ. ಬಂದು ತಗೊಂಡು ಹೋಗಿ, ದುಡ್ಡು ಬೇಡ.