ವಲಾಕಿಯಾ ಕಟ್ಟಿದ ಬಸರಾಬ್ ರೊಮೇನಿಯನ್ ಅಲ್ವಾ?

ಪ್ರಶ್ನೆ: ರೊಮೇನಿಯನ್ನರ ಮೊದಲ ರಾಜ್ಯ ಕಟ್ಟಿದವನು ರೊಮೇನಿಯನ್ನನೇ ಅಲ್ಲ, ಅಲೆಮಾರಿ ಕುಲದವನು ಅಂತ ಅಲ್ಲಿನವರೇ ಆದ ಇತಿಹಾಸಕಾರರೊಬ್ಬರು ಬರೆದಿದ್ದಾರಂತೆ. ಯಾರವರು? ಆ ಮಾತಿನಲ್ಲಿ ಹುರುಳಿದೆಯಾ?

ಅವರ ಹೆಸರು ನ್ಯಾಗು ಜುವಾರ. ಈ ವಾದ ಇರುವ ಪುಸ್ತಕ 'ತೊಕೊಮೆರಿಯುಸ್ – ನೆಗ್ರು ವೊಡ' ಬಂದಿದ್ದು 2007ರಲ್ಲಿ. ಆ ಹೊತ್ತಿಗೆ ಅವರಿಗೆ ತೊಂಬತ್ತು ತುಂಬಿತ್ತು. ಹುರುಳು ಖಂಡಿತ ಇದೆ. ಕಣ್ಣು ಮುಚ್ಚಿ ಒಪ್ಪುವಷ್ಟು ಪುರಾವೆ ಮಾತ್ರ ಇಲ್ಲ.

ಮೊದಲು ಗೊತ್ತಿರುವುದನ್ನು ನೋಡೋಣ. ಕಾರ್ಪೇಥಿಯನ್ ಬೆಟ್ಟಗಳಿಗೂ ಡ್ಯಾನ್ಯೂಬ್ ನದಿಗೂ ನಡುವಿನ ಸೀಮೆ ವಲಾಕಿಯಾ, ಅಂದರೆ ನೀವು ಕೇಳಿದ ಆ ಮೊದಲ ರಾಜ್ಯ; ಈಗಿನ ದಕ್ಷಿಣ ರೊಮೇನಿಯಾ. 14ನೇ ಶತಮಾನದ ಶುರುವಿನಲ್ಲಿ ಅದರ ಒಡೆಯ ಬಸರಾಬ್. ಹಂಗೇರಿಯ ದೊರೆ ಒಂದನೇ ಚಾರ್ಲ್ಸ್ ಅವನನ್ನು ತನ್ನ ಕೈಕೆಳಗಿನವನು ಅಂತಲೇ ಎಣಿಸಿದ್ದ. 1330ರ ನವೆಂಬರಿನಲ್ಲಿ ಅವನನ್ನು ಬಗ್ಗುಬಡಿಯಲು ಹೋಗಿ, ವಾಪಸ್ ಬರುವಾಗ ಇಕ್ಕಟ್ಟಾದ ಕಣಿವೆಯಲ್ಲಿ ಸಿಕ್ಕಿಕೊಂಡ. ಇದೇ ಪೊಸಾಡ ಕಾಳಗ. ಹಂಗೇರಿಯವರದೇ ಒಂದು ಸಚಿತ್ರ ವೃತ್ತಾಂತದಲ್ಲಿ ಇದರ ಚಿತ್ರವಿದೆ. ಮೇಲೆ ಬಂಡೆಯಂಚಿನಲ್ಲಿ ನಿಂತವರು ಕಲ್ಲು ಎತ್ತಿಹಾಕುತ್ತಿದ್ದಾರೆ. ಕೆಳಗೆ ಉಕ್ಕಿನ ಕವಚ ತೊಟ್ಟ ಸವಾರರು ಕುದುರೆ ತಿರುಗಿಸಲೂ ಜಾಗವಿಲ್ಲದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ದೊರೆ ತನ್ನ ಉಡುಪನ್ನು ಒಬ್ಬ ಬಂಟನಿಗೆ ತೊಡಿಸಿ ತಾನು ತಪ್ಪಿಸಿಕೊಂಡ, ಪಾಪ ಆ ಬಂಟ ಸತ್ತ ಎಂದೂ ಅದೇ ವೃತ್ತಾಂತ ಹೇಳುತ್ತದೆ.

ಜುವಾರರ ವಾದಕ್ಕೆ ಬೇಕಾದ ಎಳೆ ಸಿಗುವುದು ಎರಡು ವರ್ಷ ಕಳೆದ ಮೇಲೆ. 1332ರ ನವೆಂಬರ್ 26ರ ಒಂದು ಲ್ಯಾಟಿನ್ ಶಾಸನಪತ್ರದಲ್ಲಿ ಚಾರ್ಲ್ಸ್ ಆ ಸೋಲನ್ನು ನೆನೆಯುತ್ತಾ 'ತೊಕೊಮೆರಿಯುಸನ ಮಗ ಬಸರಾಬ್' ಅನ್ನುತ್ತಾನೆ. ಬಸರಾಬನ ಅಪ್ಪ ಯಾರು ಅನ್ನಲು ನಮಗಿರುವ ಆಧಾರ ಇದೇ. ಅಪ್ಪನ ಹೆಸರೂ ತುರ್ಕಿ ಮೂಲದ್ದು, ಮಗನ ಹೆಸರೂ ತುರ್ಕಿ ಮೂಲದ್ದು ಎನ್ನುತ್ತಾರೆ ಜುವಾರ. ಹಾಗಿದ್ದರೆ ಇವರು ಕುಮನ್ನರು. ಕುಮನ್ನರು ಅಂದರೆ 11ನೇ ಶತಮಾನದಿಂದ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲನ್ನು ಆಳಿದ, ಕುದುರೆಯ ಮೇಲೇ ಬದುಕಿದ ತುರ್ಕಿ ಜನ. ಮಂಗೋಲರು ಬಂದು ಅವರ ಬಲ ಮುರಿದರೂ ಅವರು ಪೂರ್ತಿ ಕಣ್ಮರೆಯಾಗಲಿಲ್ಲ. ದಕ್ಷಿಣ ರೊಮೇನಿಯಾದ ತೆಲೆಓರ್ಮಾನ್ ಜಿಲ್ಲೆಯ ಹೆಸರು ಇಂದಿಗೂ ತುರ್ಕಿ ಹೆಸರೇ.

ಇನ್ನು ನೆಗ್ರು ವೊಡ, ಅಂದರೆ ಕಪ್ಪು ದೊರೆ. ಅವನು 1290ರ ಸುಮಾರಿಗೆ ಕಾರ್ಪೇಥಿಯನ್ ಬೆಟ್ಟಗಳ ಆಚೆಗಿನ ಫಗರಾಶ್ ಕಡೆಯಿಂದ ಬೆಟ್ಟ ದಾಟಿ ಬಂದು ರಾಜ್ಯ ಕಟ್ಟಿದ ಅನ್ನೋದು ಐತಿಹ್ಯ. ಆ ಕಾಲದ ಕಾಗದಪತ್ರದಲ್ಲಿ ಅವನ ಸುಳಿವೇ ಇಲ್ಲ. ಆ ಕಪ್ಪು ದೊರೆಯೇ ತೊಕೊಮೆರಿಯುಸ್ ಎಂದು ಜುವಾರ ಗಂಟು ಹಾಕಿದರು. ನನಗೆ ಪುಸ್ತಕದ ಅತಿ ಸಡಿಲ ಭಾಗ ಅನ್ನಿಸುವುದು ಇದೇ.

ಬಸರಾಬ್ ಎಂಬ ಹೆಸರು ತುರ್ಕಿ ಮೂಲದ್ದು ಅನ್ನೋದರ ಬಗ್ಗೆ ಅಂಥ ಜಗಳವೇನಿಲ್ಲ. ಜುವಾರರಿಗಿಂತ ಮೊದಲೇ ಎಷ್ಟೋ ಜನ ಅದನ್ನು ಹೇಳಿದ್ದರು. ಜಗಳ ಇರುವುದು ಮುಂದಿನ ಹೆಜ್ಜೆಯಲ್ಲಿ. ತುರ್ಕಿ ಹೆಸರಿಟ್ಟುಕೊಂಡವರೆಲ್ಲ ತುರ್ಕಿ ಕುಲದವರೇ ಆಗಬೇಕಾ? ನೂರಾರು ವರ್ಷ ಕುಮನ್ನರ ಜೊತೆ ಬಾಳಿದ ಊರಿನಲ್ಲಿ ಬೇರೆಯವರೂ ಆ ಹೆಸರು ಇಟ್ಟಿರಬಹುದು, ಅಲ್ವಾ? ಸಾಲದ್ದಕ್ಕೆ, ಹಂಗೇರಿಯ ಅದೇ ದೊರೆಯ ಪತ್ರಗಳು ಬಸರಾಬನನ್ನು 'ನಮ್ಮ ನಂಬಿಕೆಗೆಟ್ಟ ವ್ಲಾಖ್' ಎಂದು ಬೈಯುತ್ತವೆ. ವ್ಲಾಖ್ ಅಂದರೆ ಆಗಿನ ಬಾಯಲ್ಲಿ ರೊಮೇನಿಯನ್. ವಿರೋಧಿಗಳ ಕೈಯಲ್ಲಿರುವ ಗಟ್ಟಿ ಸಾಕ್ಷಿ ಇದು. ಆದರೆ ವ್ಲಾಖರ ಒಡೆಯನನ್ನು ವ್ಲಾಖ್ ಅಂದಿರಬಹುದು ಎಂಬ ಮರುಮಾತಿಗೂ ಜಾಗವಿದೆ. ಹಾಗಾಗಿ ತೀರ್ಪು ಇನ್ನೂ ಬಂದಿಲ್ಲ.

ಗದ್ದಲ ಎದ್ದಿದ್ದು ಪುರಾವೆಗಿಂತ ಜಾಸ್ತಿ ಮನಸ್ಸಿಗೆ ನಾಟಿದ್ದಕ್ಕೆ. ರೊಮೇನಿಯಾದ ಶಾಲೆಯ ಪಾಠ ಅಲ್ಲಿನ ಪುರಾತನ ಜನರಾದ ಡೇಸಿಯನ್ನರು, ಅವರನ್ನು ಗೆದ್ದ ರೋಮನ್ನರು, ಅವರಿಬ್ಬರಿಂದ ನಾವು ಎಂದು ನೇರವಾಗಿ ಸಾಗುತ್ತಿತ್ತು. ಕಮ್ಯುನಿಸ್ಟ್ ಆಳ್ವಿಕೆಯ ಕೊನೆಯ ದಶಕಗಳಲ್ಲಂತೂ ಅದು ಪ್ರಶ್ನಿಸುವಂತೆಯೇ ಇರಲಿಲ್ಲ. ಅದರ ನಡುವೆ ಹುಲ್ಲುಗಾವಲಿನ ಕುಮನ್ನನನ್ನು ತಂದು ಸಿಂಹಾಸನದ ಮೇಲೆ ಕೂರಿಸಿದರೆ ಸುಮ್ನೆ ಇರ್ತಾರಾ? ಜುವಾರ ಮಾತ್ರ ಇದರಲ್ಲಿ ಅವಮಾನ ಕಾಣಲಿಲ್ಲ. ಫ್ರಾನ್ಸಿಗೆ ಹೆಸರು ಕೊಟ್ಟ ಫ್ರಾಂಕರು ಜರ್ಮನಿಕ್ ಜನ. ಬಲ್ಗೇರಿಯಾ ಕಟ್ಟಿದ ಬಲ್ಗಾರರು ತುರ್ಕಿ ಮೂಲದವರು. ಮಧ್ಯಯುಗದಲ್ಲಿ ಹೊರಗಿನ ಯೋಧರು ಬಂದು ರಾಜ್ಯ ಕಟ್ಟುವುದು, ಎರಡು ಮೂರು ತಲೆಮಾರಿನಲ್ಲಿ ಊರ ಜನರೊಳಗೆ ಕರಗಿಹೋಗುವುದು ಮಾಮೂಲಿ.

ಇಷ್ಟು ಧೈರ್ಯ ಅವರಿಗೆ ಎಲ್ಲಿಂದ ಬಂತು? ಅವರ ಬದುಕು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಹುಟ್ಟಿದ್ದು 1916ರಲ್ಲಿ, ಬುಕಾರೆಸ್ಟ್‌ನಲ್ಲಿ. ಮನೆತನದ ಬೇರು ದಕ್ಷಿಣ ಬಾಲ್ಕನ್ನಿನ ಅರೊಮೇನಿಯನ್ನರದು, ಅಂದರೆ ರೊಮೇನಿಯನ್ನಿಗೆ ಹತ್ತಿರದ ನುಡಿಯಾಡುವ ಜನರದು. ಓದಿದ್ದು ಪ್ಯಾರಿಸ್‌ನಲ್ಲಿ. 1941ರಲ್ಲಿ ಒಡೆಸ್ಸಾ ಬಳಿಯ ಯುದ್ಧದಲ್ಲಿ ಗಾಯಗೊಂಡರು, ಆಮೇಲೆ ವಿದೇಶಾಂಗ ಇಲಾಖೆ ಸೇರಿದರು. 1944ರ ಆಗಸ್ಟ್ 23ರಂದು ಬುಕಾರೆಸ್ಟ್‌ನಲ್ಲಿ ಸರಕಾರ ಉರುಳಿತು. ಅದೇ ದಿನ ಅವರು ಸೋವಿಯತ್ ಜೊತೆಗಿನ ಸಂಧಾನದ ಕೆಲಸಕ್ಕೆ ಸ್ಟಾಕ್‌ಹೋಮ್‌ ತಲುಪಿದ್ದರು. ಮುಂದೆ ದೇಶ ಕಮ್ಯುನಿಸ್ಟರ ಕೈಗೆ ಹೋಯಿತು, ಇವರು ಹೊರಗೇ ಉಳಿದರು. ಪ್ಯಾರಿಸ್‌ನಲ್ಲಿ ಕೆಲ ವರ್ಷ. 1961ರಿಂದ ಆಫ್ರಿಕಾದ ನೈಜರ್‌ನಲ್ಲಿ, ಮೊದಲು ಅಲ್ಲಿನ ಸರಕಾರದ ಸಲಹೆಗಾರರಾಗಿ, ನಂತರ ಮೇಷ್ಟ್ರಾಗಿ 23 ವರ್ಷ. ಆ ನಡುವೆಯೇ, 1972ರಲ್ಲಿ, ನಾಗರಿಕತೆಗಳ ಏಳುಬೀಳಿನ ಮೇಲೆ ಸೊರ್ಬಾನ್‌ನಿಂದ ಡಾಕ್ಟರೇಟ್.

1990ರಲ್ಲಿ ತಾಯ್ನಾಡಿಗೆ ಮರಳಿದಾಗ ವಯಸ್ಸು ಎಪ್ಪತ್ತು ದಾಟಿತ್ತು. ಬುಕಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1999ರಲ್ಲಿ ಹುಡುಗರಿಗೆಂದು ಬರೆದ ರೊಮೇನಿಯನ್ನರ ಚಿಕ್ಕ ಇತಿಹಾಸ ಮನೆಮಾತಾಯಿತು. ಕುಮನ್ ವಾದದ ಪುಸ್ತಕ ಅಷ್ಟೊಂದು ಕಿವಿಗಳಿಗೆ ಬಿದ್ದಿದ್ದು ಈ ಹೆಸರಿನ ಬಲದಿಂದಲೇ. ಬೇರೆ ಯಾರೋ ಬರೆದಿದ್ದರೆ ಪಂಡಿತರ ನಡುವೆಯೇ ಉಳಿಯುತ್ತಿತ್ತು. 2018ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ನೀವು ಆ ಕಡೆ ಹೋಗುವುದಾದರೆ ಅರ್ಜೆಶ್‌ನಲ್ಲಿರುವ ಸಂತ ನಿಕೊಲಾಯ್ ಅರಸು ಚರ್ಚು ನೋಡಿ. ಅದರ ಗೋಡೆಯ ಗಾರೆಯಲ್ಲಿ ಯಾರೋ ಸ್ಲಾವೊನಿಕ್ ಭಾಷೆಯಲ್ಲಿ ಗೀಚಿದ ಒಂದು ಸಾಲಿದೆ. ಜಗತ್ತಿನ ಸೃಷ್ಟಿಯಿಂದ ಎಣಿಸುವ ಆಗಿನ ಲೆಕ್ಕದ 6860ನೇ ಇಸವಿಯಲ್ಲಿ, ಅಂದರೆ ನಮ್ಮ ಲೆಕ್ಕದ 1352ರ ಹೊತ್ತಿಗೆ, ಮಹಾದೊರೆ ಬಸರಾಬ್ ಕಿಂಪುಲುಂಗ್‌ನಲ್ಲಿ ಸತ್ತ ಅಂತ ಅದು ಹೇಳುತ್ತದೆ. ಅವನು ಯಾವ ಕುಲದವನು ಅನ್ನೋದನ್ನು ಗೀಚಿದವನು ಬರೆದಿಲ್ಲ.