ದೂರದ ಓಟಗಾರರ ಹ್ಯಾಮ್‌ಸ್ಟ್ರಿಂಗ್ ಗಾಯ ಮಾಗುವ ಬಗೆ

ಕಾಸರಗೋಡಿನ ಪೂರ್ವಭಾಗದಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯಾಗಳ ಕಡೆ, ಏರಿಳಿತವಿಲ್ಲದ ರಸ್ತೆ ಸಿಗುವುದು ಅಪರೂಪ. ಮುರಕಲ್ಲಿನ ಗುಡ್ಡೆ ಹತ್ತಿ, ಅಡಿಕೆ ತೋಟದ ತಗ್ಗಿಗಿಳಿದು, ಮತ್ತೊಂದು ಗುಡ್ಡೆ ಹತ್ತುವ ಈ ದಾರಿಗಳಲ್ಲಿ ಬೆಳಗಿನ ಹೊತ್ತು ಓಡುವವರು ಹೇಳಿಕೊಳ್ಳುವ ಒಂದು ನೋವಿದೆ. ಅದು ಪೃಷ್ಠದ ಕೆಳಗೆ, ತೊಡೆ ಆರಂಭವಾಗುವಲ್ಲಿ, ಆಳದಲ್ಲಿರುತ್ತದೆ. ಓಟದ ಮೊದಲ ಕೆಲವು ನಿಮಿಷ ಕಾಡಿ, ಮೈ ಬಿಸಿಯೇರಿದ ಮೇಲೆ ಮರೆಯಾಗಿ, ಸಂಜೆ ಬಸ್ಸಿನ ಗಟ್ಟಿ ಸೀಟಿನಲ್ಲಿ ಕುಳಿತಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ನರ ಎಳೆದಿದೆ ಎಂದು ಎಣ್ಣೆ ತಿಕ್ಕಿಸಿ, ಹದಿನೈದು ದಿನ ಓಟ ಬಿಟ್ಟು, ನೋವು ಹೋಯಿತೆಂದು ಮತ್ತೆ ಗುಡ್ಡೆ ಹತ್ತಿದ ಮೊದಲ ವಾರದಲ್ಲೇ ಅದು ಮರಳುವುದನ್ನು ಕಂಡವರು ಹಲವರಿದ್ದಾರೆ. ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಆದರೆ ಗಾಯಗೊಂಡ ಅಂಗಾಂಶದ ಬಲ ಅದರಿಂದ ಹೆಚ್ಚುವುದಿಲ್ಲ ಎಂಬುದೇ ಇದರ ಹಿಂದಿರುವ ಕಾರಣ.

ಹ್ಯಾಮ್‌ಸ್ಟ್ರಿಂಗ್ ಎಂಬುದು ತೊಡೆಯ ಹಿಂಭಾಗದ ಮೂರು ಸ್ನಾಯುಗಳಿಗೆ ಒಟ್ಟಾಗಿ ಇರುವ ಹೆಸರು: ಹೊರಬದಿಯಲ್ಲಿ ಬೈಸೆಪ್ಸ್ ಫಿಮೋರಿಸ್, ಒಳಬದಿಯಲ್ಲಿ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್. ಬೈಸೆಪ್ಸಿನ ಚಿಕ್ಕ ಕವಲೊಂದನ್ನು ಬಿಟ್ಟರೆ ಇವೆಲ್ಲವೂ ನಾವು ಕುಳಿತಾಗ ನೆಲಕ್ಕೆ ಒತ್ತುವ ಕೂರು ಮೂಳೆಯಿಂದ ಹೊರಟು, ಮಂಡಿಯನ್ನು ದಾಟಿ, ಕೆಳಗಾಲಿನ ಮೂಳೆಗಳಿಗೆ ಅಂಟಿಕೊಳ್ಳುತ್ತವೆ. ಸೊಂಟದ ಕೀಲು ಮತ್ತು ಮಂಡಿ, ಎರಡನ್ನೂ ದಾಟುವುದರಿಂದ ಓಟದಲ್ಲಿ ಇವುಗಳ ಪಾಲಿನ ಕೆಲಸ ಕಠಿಣವಾದದ್ದು. ಕಾಲು ಮುಂದಕ್ಕೆ ಚಾಚಿ, ಪಾದ ನೆಲ ಮುಟ್ಟುವುದಕ್ಕೆ ತುಸು ಮೊದಲು, ಈ ಸ್ನಾಯುಗಳು ಉದ್ದವಾಗುತ್ತಲೇ ಬಿಗಿದುಕೊಂಡು ಕೆಳಗಾಲಿನ ವೇಗವನ್ನು ತಡೆಯುತ್ತವೆ. ನಿಮಿಷಕ್ಕೆ 170 ಹೆಜ್ಜೆ ಇಡುವ ಓಟಗಾರನ ಒಂದೊಂದು ಕಾಲೂ ಗಂಟೆಗೆ 5,100 ಸಲ ಈ ತಡೆಯುವ ಕೆಲಸ ಮಾಡಬೇಕಾಗುತ್ತದೆ.

ಗಾಯದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ ಮತ್ತು ಎರಡನ್ನೂ ಒಂದೇ ಎಂದು ತಿಳಿದು ಉಪಚರಿಸುವುದರಿಂದ ತುಂಬ ತೊಂದರೆಯಾಗುತ್ತದೆ. ಪೈವಳಿಕೆಯ ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಪೂರ್ಣ ವೇಗದಲ್ಲಿ ಓಡುವವರಿಗೆ, ನೂರು ಮೀಟರ್ ಓಟಗಾರರಿಗೆ, ಫುಟ್‌ಬಾಲ್ ಆಡುವವರಿಗೆ ಒದಗಬಹುದಾದದ್ದು ಸ್ನಾಯುವಿನ ಎಳೆಗಳೇ ಹರಿಯುವ ಗಾಯ. ಅದು ಹೆಚ್ಚಾಗಿ ಬೈಸೆಪ್ಸಿನ ಉದ್ದ ಕವಲಿನಲ್ಲಿ, ಇಂಥದೇ ಕ್ಷಣದಲ್ಲಿ ಆಯಿತೆಂದು ಹೇಳಬಹುದಾದಷ್ಟು ಹಠಾತ್ತಾಗಿ ಸಂಭವಿಸುತ್ತದೆ. ದೂರ ಓಡುವವರನ್ನು ಹೆಚ್ಚು ಕಾಡುವುದು ಕೂರು ಮೂಳೆಯ ಬಳಿ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನ ಸವಕಳಿ. ಅದಕ್ಕೆ ಆರಂಭದ ದಿನವೆಂಬುದಿಲ್ಲ. ಓಟದ ದೂರವನ್ನೋ ಏರುದಾರಿಯನ್ನೋ ಒಮ್ಮೆಲೇ ಹೆಚ್ಚಿಸಿದ ವಾರಗಳ ಲೆಕ್ಕ ಅಲ್ಲಿ ಕೂಡಿಕೊಂಡಿರುತ್ತದೆ.

ಈ ಎರಡನೆಯ ಬಗೆಯಲ್ಲಿ ನೋವನ್ನು ಉಳಿಸಿಕೊಂಡು ಬರುವ ಕ್ರಿಯೆ ಯಾವುದೆಂದರೆ, ಪರಿಹಾರವೆಂದು ನಂಬಿ ಮಾಡುವ ಸ್ಟ್ರೆಚಿಂಗ್. ಸೊಂಟದಲ್ಲಿ ಮುಂದಕ್ಕೆ ಬಾಗಿದಂತೆಲ್ಲ ಸ್ನಾಯುರಜ್ಜು, ರಾಟೆಯಿಲ್ಲದ ಬಾವಿಯಲ್ಲಿ ಹಗ್ಗ ಕಟ್ಟೆಯ ಅಂಚಿಗೆ ಒತ್ತುವ ಹಾಗೆ, ಕೂರು ಮೂಳೆಗೆ ಒತ್ತಿಕೊಳ್ಳುತ್ತದೆ. ಎಳೆತದ ಜೊತೆಗೆ ಒತ್ತಡವೂ ಸೇರಿದಾಗ ಅದು ಕೆರಳುತ್ತದೆ. ಮಂಡಿ ಮಡಚದೆ ಬಾಗಿ ಅಂಗಳದ ಅಡಿಕೆ ಹೆಕ್ಕುವುದು, ಊಟದ ಹಂತಿಯಲ್ಲಿ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂರುವುದು, ದೊಡ್ಡ ಹೆಜ್ಜೆಯಿಟ್ಟು ಗುಡ್ಡೆ ಓಡಿ ಹತ್ತುವುದು, ಇವೆಲ್ಲದರಲ್ಲೂ ಇರುವುದು ಇದೇ ಭಂಗಿ. ಆದುದರಿಂದ ಕೆಲವು ವಾರಗಳ ಮಟ್ಟಿಗೆ ಸ್ಟ್ರೆಚಿಂಗ್ ನಿಲ್ಲಿಸಿ, ಕೂತು ಹೆಕ್ಕಿ, ದೀರ್ಘ ಪ್ರಯಾಣದಲ್ಲಿ ನಡುನಡುವೆ ಎದ್ದು ನಿಂತರೆ ಸಾಕು, ಕೆಲವರಿಗೆ ಗಮನಾರ್ಹ ಬದಲಾವಣೆ ಕಾಣುತ್ತದೆ.

ಸ್ನಾಯು ಹರಿದವರ ದಾರಿ ಬೇರೆ. ಮೊದಲ ಎರಡು ಮೂರು ದಿನ ಒಳಗೆ ರಕ್ತ ಸೋರಿ ಊತ ಕಟ್ಟುವ ಕಾಲ; ಆಗ ಬಲವಾಗಿ ತಿಕ್ಕಿಸಿದರೆ ರಕ್ತಸ್ರಾವ ಹೆಚ್ಚುತ್ತದೆಯೇ ಹೊರತು ಗಾಯ ಬೇಗ ಕೂಡುವುದಿಲ್ಲ. ಅನಂತರ ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡು ಸುಪ್ತವಾಗಿರುವ ಸ್ಯಾಟಲೈಟ್ ಕೋಶಗಳು (ಅಲೆಕ್ಸಾಂಡರ್ ಮೌರೋ ಇವುಗಳನ್ನು 1961ರಲ್ಲಿ ವರ್ಣಿಸಿದರು) ಎಚ್ಚೆತ್ತು, ವಿಭಜನೆಗೊಂಡು, ಹೊಸ ಎಳೆಗಳನ್ನು ಕಟ್ಟುತ್ತವೆ. ಆ ಹೊಸ ಎಳೆಗಳು ಯಾವ ದಿಕ್ಕಿಗೆ ಸಾಲುಗೂಡಬೇಕೆಂಬುದಕ್ಕೆ ಅವುಗಳ ಮೇಲೆ ಬೀಳುವ ಎಳೆತ ನೆರವಾಗುತ್ತದೆ. 2017ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ತೊಡೆ ಅಥವಾ ಮೀನಖಂಡದ ಸ್ನಾಯು ಹರಿದ 50 ಹವ್ಯಾಸಿ ಕ್ರೀಡಾಪಟುಗಳ ಪೈಕಿ ಒಂದು ಗುಂಪು ಗಾಯವಾದ ಎರಡನೆಯ ದಿನದಿಂದ, ಇನ್ನೊಂದು ಗುಂಪು ಒಂಬತ್ತನೆಯ ದಿನದಿಂದ ಒಂದೇ ಬಗೆಯ ವ್ಯಾಯಾಮವನ್ನು ಆರಂಭಿಸಿದವು. ಮೊದಲ ಗುಂಪಿನ ಮಧ್ಯಮ ಸದಸ್ಯ ಸುಮಾರು 62 ದಿನಗಳಲ್ಲಿ ಆಟಕ್ಕೆ ಮರಳಿದರೆ, ಎರಡನೆಯ ಗುಂಪಿನವರಿಗೆ 83 ದಿನ ಬೇಕಾಯಿತು. ಒಂದು ವಾರದ ಹೆಚ್ಚುವರಿ ವಿಶ್ರಾಂತಿಗೆ ಮೂರು ವಾರಗಳಷ್ಟು ಬೆಲೆ ತೆರಬೇಕಾಯಿತೆಂಬುದನ್ನು ಪ್ರತಿಯೊಬ್ಬ ತರಬೇತುದಾರನೂ ತಿಳಿದಿರಬೇಕೆಂದು ನನಗೆ ಅನಿಸುತ್ತದೆ.

ಸ್ನಾಯುರಜ್ಜುವಿಗೆ ಇಷ್ಟು ವೇಗವಿಲ್ಲ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲದ ವಿಕಿರಣಶೀಲ ರೂಪವಾದ ಇಂಗಾಲ-14ರ ಪ್ರಮಾಣ ಏರಿತ್ತು. ಅದು ಆಹಾರದ ಮೂಲಕ ಆ ಕಾಲದ ಮಕ್ಕಳ ದೇಹವನ್ನೂ ಸೇರಿತು. ಇದರ ಗುರುತು ಹಿಡಿದು, ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜುವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದರ ಒಳತಿರುಳು ಸುಮಾರು 17ನೆಯ ವಯಸ್ಸಿನವರೆಗೆ ರೂಪುಗೊಂಡು ಮುಂದೆ ಬಹುಮಟ್ಟಿಗೆ ಬದಲಾಗದೆ ಉಳಿಯುತ್ತದೆಂದು 2013ರಲ್ಲಿ ತೋರಿಸಿದರು. ಸ್ನಾಯುವಿನ ಅಂಗಾಂಶವಾದರೋ ನಿರಂತರವಾಗಿ ನವೀಕರಣಗೊಳ್ಳುತ್ತಿತ್ತು. ಹ್ಯಾಮ್‌ಸ್ಟ್ರಿಂಗಿನ ಸ್ನಾಯುರಜ್ಜುವಿನ ನೋವು ವಾರಗಳಲ್ಲಿ ಮುಗಿಯದೆ ಮೂರು, ಆರು ತಿಂಗಳವರೆಗೆ ಎಳೆಯುವುದೇಕೆಂದು ಅರಿಯಲು ಇದು ಸಹಾಯಕ. ಸವೆದ ಭಾಗ ಹಳೆಯ ಸ್ಥಿತಿಗೆ ಮರಳದಿರಬಹುದು, ಆದರೆ ಕ್ರಮವಾಗಿ ಭಾರ ಹಾಕಿದರೆ ಒಟ್ಟು ರಜ್ಜು ಓಟವನ್ನು ತಾಳುವಷ್ಟು ಗಟ್ಟಿಯಾಗುತ್ತದೆ.

ಭಾರ ಹಾಕುವ ಕ್ರಮ ಸೊಂಟ ಬಾಗದ ಭಂಗಿಯಲ್ಲಿ ಆರಂಭವಾಗಬೇಕು. ಚಾಪೆಯ ಮೇಲೆ ಅಂಗಾತ ಮಲಗಿ, ಹಿಮ್ಮಡಿಗಳನ್ನು ತುಸು ದೂರವಿಟ್ಟು, ಸೊಂಟವನ್ನೆತ್ತಿ 45 ಸೆಕೆಂಡು ಹಿಡಿಯುವುದು, ಎರಡು ನಿಮಿಷ ಬಿಡುವು ಕೊಟ್ಟು ಐದು ಸಲ ಹೀಗೆ ಮಾಡುವುದು ಮೊದಲ ಹಂತಕ್ಕೆ ಸಾಕು. ಇದು ಸುಲಭವೆನಿಸಿದ ಮೇಲೆ ಅದನ್ನೇ ಒಂಟಿ ಕಾಲಿನಲ್ಲಿ ಮಾಡಬಹುದು. ಬಳಿಕ ಮೊಣಕಾಲೂರಿ, ತಮ್ಮನೋ ತಂಗಿಯೋ ಹಿಮ್ಮಡಿಗಳನ್ನು ಒತ್ತಿ ಹಿಡಿದಿರುವಾಗ ಮೈಯನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮ. ಅದಾದ ಮೇಲೆ ಅಕ್ಕಿಯ ಚೀಲ ಕೈಯಲ್ಲಿ ಹಿಡಿದು ಸೊಂಟದಿಂದ ಬಾಗಿ ಏಳುವ ವ್ಯಾಯಾಮ. ಮೊದಲು ವರ್ಜಿಸಿದ ಭಂಗಿಗೇ ಹೀಗೆ ಕೊನೆಯಲ್ಲಿ ಮರಳುತ್ತೇವೆ, ಏಕೆಂದರೆ ಗುಡ್ಡೆ ಹತ್ತುವವನಿಗೆ ಅದು ಬೇಕೇ ಬೇಕು. ನೋವು ಹತ್ತರಲ್ಲಿ ಮೂರರ ಆಸುಪಾಸಿನಲ್ಲಿದ್ದು, ಮರುದಿನದ ಬೆಳಗಿನೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಆ ದಿನದ ಭಾರ ಸರಿಯಾಗಿತ್ತೆಂದು ತಿಳಿಯಬಹುದು.

ಓಟಕ್ಕೆ ಮರಳುವಾಗ ಮೊದಲು ದೂರ, ಆಮೇಲೆ ವೇಗ, ಎಲ್ಲಕ್ಕಿಂತ ಕೊನೆಗೆ ಏರುದಾರಿ. ಗುಡ್ಡೆಯ ಊರಿನವರು ಕೆಲವು ವಾರ ಶಾಲೆಯ ಮೈದಾನವನ್ನೋ ಕುಂಬಳೆ, ಮಂಜೇಶ್ವರಗಳ ಕರಾವಳಿಯ ಸಮತಟ್ಟು ರಸ್ತೆಯನ್ನೋ ಹುಡುಕಿಕೊಳ್ಳುವುದು ಒಳಿತು. ಅಷ್ಟರಲ್ಲಿ ದಮ್ಮು ಹೋಗಿಬಿಡುತ್ತದೆಂಬ ಆತಂಕ ಸಹಜ. ಚೆನ್ನಾಗಿ ಪಳಗಿದವರು ತರಬೇತಿ ಪೂರ್ತಿ ನಿಲ್ಲಿಸಿದಾಗ ಮೂರು ವಾರಗಳಲ್ಲಿ ಗರಿಷ್ಠ ಆಮ್ಲಜನಕ ಬಳಕೆಯ ಸಾಮರ್ಥ್ಯ ಸುಮಾರು ಶೇಕಡಾ 7ರಷ್ಟು ಕುಗ್ಗಿತೆಂದು 1984ರ ಅಧ್ಯಯನವೊಂದು ಕಂಡುಕೊಂಡಿದೆ. ಕೆರೆಯಲ್ಲಿ ಈಜಿದರೆ ಅಷ್ಟೂ ಕುಗ್ಗುವುದಿಲ್ಲ. ಸೈಕಲ್ ಮಾತ್ರ ಕೂರು ಮೂಳೆಯನ್ನೇ ಒತ್ತುವುದರಿಂದ ಎಲ್ಲರಿಗೂ ಹಿಡಿಸದು.

ಕೆಲವು ಸಂದರ್ಭಗಳಲ್ಲಿ ಮನೆಯ ವ್ಯಾಯಾಮ ಸಲ್ಲದು. ಟಪ್ಪೆಂದು ಸದ್ದಾಗಿ ಕಾಲೂರಲು ಆಗದಿದ್ದರೆ, ತೊಡೆಯ ಹಿಂದೆ ವಿಸ್ತಾರವಾಗಿ ನೀಲಿಗಟ್ಟಿದರೆ, ಪಾದದವರೆಗೆ ಜೋಮು ಹಿಡಿದರೆ, ರಜ್ಜು ಮೂಳೆಯಿಂದಲೇ ಕಿತ್ತುಬಂದಿರುವ ಸಾಧ್ಯತೆಯಿದೆ. ಆಗ ಎಂಆರ್‌ಐ ಮತ್ತು ಮೂಳೆ ತಜ್ಞರ ಸಲಹೆಗೆ ತಡಮಾಡಬಾರದು. ಶಸ್ತ್ರಚಿಕಿತ್ಸೆ ಬೇಕಾಗಿದ್ದರೆ ದಿನ ಕಳೆದಷ್ಟೂ ಅದು ಕ್ಲಿಷ್ಟವಾಗುತ್ತದೆ. ಶಾಲಾ ಕ್ರೀಡಾಕೂಟಗಳಲ್ಲಿ ಓಡುವ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವರ ಕೂರು ಮೂಳೆಯ ಬೆಳವಣಿಗೆಯ ಭಾಗ ಇನ್ನೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ, ದೊಡ್ಡವರಲ್ಲಿ ಸ್ನಾಯು ಹರಿಯುವಂಥ ಎಳೆತಕ್ಕೆ ಅವರಲ್ಲಿ ಮೂಳೆಯ ಚೂರೇ ಕಳಚಿ ಬರಬಹುದು, ಮತ್ತು ಅದನ್ನು ಒಂದು ಎಕ್ಸ್‌ರೇ ತೆಗೆಸಿದರೆ ಸಾಮಾನ್ಯವಾಗಿ ಗುರುತಿಸಬಹುದು.