ಸ್ಟಾರ್ಟ್ ಮೆನುವಿನಲ್ಲಿ ವರ್ಡ್, ನುಡಿ ಕಾಣುತ್ತಿಲ್ಲ. ಫಾರ್ಮ್ಯಾಟ್ ಮಾಡಿಸಬೇಕಾ?

ಪ್ರಶ್ನೆ: ನಾನು ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಕಂಪ್ಯೂಟರ್ ನಿಧಾನವಾಯಿತೆಂದು ಬೇಡದ ಫೈಲು ಅಳಿಸುವ ಯಾವುದೋ ಕ್ಲೀನರ್ ಪ್ರೋಗ್ರಾಂ ಹಾಕಿ ಓಡಿಸಿದೆ. ಈಗ ಸ್ಟಾರ್ಟ್ ಮೆನುವಿನಲ್ಲಿ ವರ್ಡ್ ಇಲ್ಲ, ಕನ್ನಡ ಟೈಪ್ ಮಾಡುವ ನುಡಿ ಇಲ್ಲ, ಪ್ರಿಂಟರಿನದ್ದೂ ಇಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು, ಅಂದರೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು ಅನ್ನುತ್ತಾರೆ. ಒಪ್ಪಲಾ?

ಉತ್ತರ: ಬೇಡ ಮಾಷ್ಟ್ರೇ, ಇವತ್ತೇ ಒಪ್ಪಬೇಡಿ.

ಸ್ಟಾರ್ಟ್ ಮೆನುವಿನಲ್ಲಿ ಕಾಣುವುದು ಪ್ರೋಗ್ರಾಂ ಅಲ್ಲ, ಅದರ ಶಾರ್ಟ್‌ಕಟ್. ಪ್ರೋಗ್ರಾಂ ಎಲ್ಲಿದೆ ಎಂದು ಹೇಳುವ ಪುಟ್ಟ ಫೈಲು ಅಷ್ಟೇ. ಮಾರ್ಗದ ಬದಿಯ ಬೋರ್ಡು ಬಿದ್ದರೆ ತೋಟದೊಳಗಿನ ಮನೆ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? 2023ರ ಜನವರಿ 13ರಂದು ವೈರಸ್ ತಡೆಯುವ ಮೈಕ್ರೋಸಾಫ್ಟ್ ಡಿಫೆಂಡರಿನ ಒಂದು ಅಪ್‌ಡೇಟ್ ತಪ್ಪಿ, ಎಷ್ಟೋ ಕಂಪನಿಗಳ ಕಂಪ್ಯೂಟರುಗಳಲ್ಲಿ ಹೀಗೇ ಶಾರ್ಟ್‌ಕಟ್‌ಗಳು ಅಳಿಸಿಹೋದವು. ಪ್ರೋಗ್ರಾಂಗಳು ಇದ್ದಲ್ಲೇ ಇದ್ದವು.

ಮೊದಲು ನಿಮ್ಮ ಹಳೆಯ ಒಂದು ವರ್ಡ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ. ವರ್ಡ್‌ನಲ್ಲೇ ತೆರೆದುಕೊಂಡರೆ ವರ್ಡ್ ಇದೆ ಎಂದೇ ಅರ್ಥ. ಆಮೇಲೆ ರಿಸೈಕಲ್ ಬಿನ್ ನೋಡಿ. ಶಾರ್ಟ್‌ಕಟ್‌ಗಳು ಅಲ್ಲಿ ಬಿದ್ದಿದ್ದರೆ ಬಲ ಕ್ಲಿಕ್ ಮಾಡಿ ರಿಸ್ಟೋರ್ ಕೊಟ್ಟರೆ ಕೆಲಸ ಮುಗಿಯಿತು.

ಅಲ್ಲಿಲ್ಲವಾದರೆ ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಹೋಗಿ. ಅದೇ ಹೆಸರಿಗೆ ಎಕ್ಸ್86 ಸೇರಿಸಿದ ಇನ್ನೊಂದು ಫೋಲ್ಡರ್ ಪಕ್ಕದಲ್ಲೇ ಇರಬಹುದು, ಅದನ್ನೂ ನೋಡಿ. ಬೇಕಾದ ಪ್ರೋಗ್ರಾಮಿನ ಫೋಲ್ಡರ್ ತೆರೆದು, ಅದನ್ನು ಓಡಿಸುವ ಇಎಕ್ಸ್‌ಇ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪಿನ್ ಟು ಸ್ಟಾರ್ಟ್ ಒತ್ತಿ. ಆಫೀಸ್ ಮಟ್ಟಿಗೆ ಇಷ್ಟು ಹುಡುಕುವುದೂ ಬೇಡ. ಕಂಟ್ರೋಲ್ ಪ್ಯಾನೆಲಿನ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಆಫೀಸ್ ಆರಿಸಿ, ಚೇಂಜ್ ಒತ್ತಿ, ಕ್ವಿಕ್ ರಿಪೇರ್ ಕೊಡಿ. ಪ್ರಿಂಟರಿಗೆ ಅದರ ಸಾಫ್ಟ್‌ವೇರನ್ನು ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿದರೆ ಸಾಕು.

ಫಾರ್ಮ್ಯಾಟ್ ಬೇಡ ಎಂದು ನಾನು ಇಷ್ಟು ಒತ್ತಿ ಹೇಳಲು ಕಾರಣ ನುಡಿ. ಕೆಲವು ವರ್ಷಗಳ ಹಿಂದೆ ಇದೇ ತೊಂದರೆಗೆ ಒಂದು ಅಂಗಡಿಯಲ್ಲಿ ನನ್ನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರು. ಫೈಲುಗಳನ್ನೆಲ್ಲ ಜೋಪಾನವಾಗಿ ತೆಗೆದಿಟ್ಟು ವಾಪಸ್ ಹಾಕಿಕೊಟ್ಟರು, ಫಾಂಟ್ ಮಾತ್ರ ಹಾಕಲಿಲ್ಲ. ಮನೆಗೆ ಬಂದು ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ತೆರೆದೆ. ದೇವರ ಹೆಸರಿದ್ದ ಕಡೆ ಇಂಗ್ಲಿಷ್ ಅಕ್ಷರ, ಬ್ರಾಕೆಟ್, ಕೊಂಬು ಬಂದ ಚಿಹ್ನೆಗಳ ಗೋಜಲು! ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರ ಸಂಕೇತ ಅವಕ್ಕಿಲ್ಲ. ಆ ಫಾಂಟ್ ಇಲ್ಲದಿದ್ದರೆ ಬರೆದದ್ದು ಕನ್ನಡವಾಗಿ ಕಾಣುವುದೇ ಇಲ್ಲ. ನಮ್ಮ ಕಾಸರಗೋಡಿನಲ್ಲಿ ರಿಪೇರಿ ಮಾಡುವವರಿಗೆ ಎಷ್ಟೋ ಸಲ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ತಪ್ಪಿದ್ದು ಅವರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆ, ವಾರ್ಷಿಕೋತ್ಸವದ ವರದಿ ಎಲ್ಲ ನುಡಿಯಲ್ಲೇ ಇರಬೇಕಲ್ಲ? ಇವತ್ತೇ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿಡಿ.

ಎಲ್ಲ ಸರಿಯಾದ ಮೇಲೆ ಇನ್ನೊಂದು ಕೆಲಸ ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬಂದ ಚೌಕದಲ್ಲಿ ಇಂಗ್ಲಿಷಿನಲ್ಲಿ ಶೆಲ್, ಅದಕ್ಕೆ ತಾಗಿಸಿ ಕೋಲನ್, ಆಮೇಲೆ ಕಾಮನ್ ಪ್ರೋಗ್ರಾಮ್ಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಲ್ಲ ಬಳಕೆದಾರರಿಗೆ ಕಾಣುವ ಶಾರ್ಟ್‌ಕಟ್‌ಗಳ ಫೋಲ್ಡರ್ ತೆರೆಯುತ್ತದೆ. ಕಾಮನ್ ಬಿಟ್ಟು ಬರೇ ಪ್ರೋಗ್ರಾಮ್ಸ್ ಎಂದು ಕೊಟ್ಟರೆ ನಿಮ್ಮ ಒಬ್ಬರದ್ದು. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಅದೇ ಪೆನ್‌ಡ್ರೈವಿಗೆ ಕಾಪಿ ಮಾಡಿ. ಮತ್ತೊಮ್ಮೆ ಹೀಗಾದರೆ ಅದದೇ ಜಾಗಕ್ಕೆ ಪೇಸ್ಟ್ ಮಾಡಿದರಾಯಿತು. ಆ ಕ್ಲೀನರ್ ಮಾತ್ರ ಈಗಲೇ ತೆಗೆದುಹಾಕಿ.